ಹನ್ನೊಂದನೇ ಮಡಿಯ ಬಳ್ಳಿ

ಬಳ್ಳಿಮೇಷ್ಟ್ರಿಗೆ ಹಳದಿ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಅಂಗಿಯಾಗಲಿ, ಟೋಪಿಯಾಗಲಿ, ಕೈಚೀಲವಾಗಲಿ, ಹಳದಿ ಎಂದರೆ ಬಲೆಮನೆಯ, ಅಂದರೆ ಕೀಟ ನುಸುಳದ ಬಲೆ ಹೊದಿಸಿ ಗೆಣಸಿನ ಬಳ್ಳಿ ಬೆಳೆಸುವ ಮನೆಯ ಬಾಗಿಲಲ್ಲೇ ತಡೆ. ಬಿಳಿನೊಣಕ್ಕೆ ಹಳದಿ ಎಂದರೆ ಪಂಚಪ್ರಾಣ, ಎಲ್ಲಿದ್ದರೂ ಹಾರಿ ಬಂದು ಕೂರುತ್ತದೆ. ಅದರ ಬಾಯಲ್ಲಿ ಗೆಣಸಿನ ನಂಜುರೋಗವೂ, ಅಂದರೆ ವೈರಸ್ಸೂ, ಒಳಗೆ ಬರುತ್ತದೆ. ಒಮ್ಮೆ ಕುಲಪತಿಗಳೇ ಹಳದಿ ಅಂಗಿ ತೊಟ್ಟು, ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿದ್ದರು. “ಸರ್, ಅಂಗಿ ಬಿಚ್ಚಿಟ್ಟು ಬರ್ತೀರೋ, ಹೊರಗಿಂದ್ಲೇ ನೋಡ್ತೀರೋ?” ಎಂದು ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತೇ ಕೇಳಿದರು. ಕುಲಪತಿಗಳು ಬಲೆಯ ಆಚೆಯಿಂದಲೇ ನೋಡಿ, ತಲೆಯಾಡಿಸಿ ಹೊರಟುಹೋದರು. ಆ ಕಥೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಓಡಿತು. ಕೆಲವರ ಬಾಯಲ್ಲಿ ಕುಲಪತಿಗಳು ಬನಿಯನ್ನಿನಲ್ಲೇ ಒಳಗೆ ಹೋದದ್ದೂ ಉಂಟು.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಹುದ್ದೆಯ ಹೆಸರು ಕ್ಷೇತ್ರ ಸಹಾಯಕ. ಗೆಣಸಿನ ರೋಗಗಳ ವಿಭಾಗದಲ್ಲಿ ಮಣ್ಣು ಅಗೆಯಲು ಸೇರಿದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಕೈ ನಡುಗುವುದಿಲ್ಲ ಎನ್ನುವುದನ್ನು ಆಗಿನ ಮುಖ್ಯಸ್ಥರು ನೋಡಿ, ಗುದ್ದಲಿ ಕಸಿದುಕೊಂಡು ಬ್ಲೇಡು ಕೊಟ್ಟರು, ಕಸಿ ಕಟ್ಟುವುದನ್ನು ಕಲಿಸಿದರು. ಅಲ್ಲಿಂದ ಮುಂದೆ ಡಾಕ್ಟರೇಟು ಮಾಡಲು ಬಂದ ಒಬ್ಬೊಬ್ಬರೂ ಮೊದಲ ಕಸಿ ಕಟ್ಟಿದ್ದು ಇವರ ಮುಂದೆ ಮಣೆ ಹಾಕಿಕೊಂಡು ಕೂತೇ. ಬೈಸಿಕೊಂಡು ಕಲಿತವರು ಹೆಸರಿಟ್ಟರು, ಹೆಸರು ನಿಂತಿತು.

ಬೈಗುಳವೋ, ದೇವರೇ ಗತಿ! ಬಲೆಮನೆಗೆ ಎರಡು ಬಾಗಿಲು, ಎರಡೂ ಒಟ್ಟಿಗೆ ತೆರೆಯಬಾರದು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ, ಚಪ್ಪಲಿ ಅದ್ದಿಯೇ ಬರಬೇಕು. ಒಂದು ಗಿಡ ಮುಟ್ಟಿದ ಬ್ಲೇಡು ಇನ್ನೊಂದನ್ನು ಮುಟ್ಟುವ ಮೊದಲು ಬ್ಲೀಚಿಂಗಿನಲ್ಲಿ ಮುಳುಗಬೇಕು, ಹತ್ತು ಎಣಿಸುವ ತನಕ. ಹೊರಗೆ ಪ್ರಯೋಗಕ್ಕೆಂದು ರೋಗ ಹಚ್ಚಿದ ಮಡಿಗೆ ಹೋಗಿ ಬಂದವರು ಆ ದಿನ ಬಲೆಮನೆಯ ಕಡೆ ತಲೆ ಹಾಕುವ ಹಾಗಿಲ್ಲ. ಮತ್ತು ಎಲ್ಲಕ್ಕಿಂತ ದೊಡ್ಡ ಕಟ್ಟಳೆ: ಒಂದೇ ಒಂದು ಎಲೆ, ಒಂದೇ ಒಂದು ತುಂಡು ಬಳ್ಳಿ ಗೇಟು ದಾಟಿ ಹೊರಗೆ ಹೋಗಬಾರದು. “ನೀನು ಒಯ್ಯೋದು ಬಳ್ಳಿಯಲ್ಲಪ್ಪ, ಊರು ಹಾಳು ಮಾಡೋ ಮಾರಿ,” ಎಂದು ಮೇಷ್ಟ್ರು ಹೇಳುತ್ತಿದ್ದರು. ಗೇಟಿನ ಕಾವಲುಗಾರನಿಗೆ ಊಟದ ಚೀಲ ತಡಕುವುದನ್ನು ಹೇಳಿಕೊಟ್ಟವರೂ ಅವರೇ. ಅದಕ್ಕೇ ಆ ಕಾವಲುಗಾರ ಇವರೊಬ್ಬರ ಚೀಲವನ್ನು ಮಾತ್ರ ಎಂದೂ ತಡಕುತ್ತಿರಲಿಲ್ಲ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರೆ. ಮೇಷ್ಟ್ರು ಮೂವತ್ತೇಳು ವರ್ಷ ಬದನೆಕಾಯಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ ಎನ್ನುವುದನ್ನು ನಾನು ಒಪ್ಪುತ್ತೇನೆ. ತಿಂದದ್ದು ಒಂದೇ ಸಲ. ಆ ಒಂದು ಸಲದ ಕಥೆಯೇ ಇದು.

ಮೇಷ್ಟ್ರಿಗೆ ಒಬ್ಬಳು ಅಕ್ಕ, ಅವರಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದಾಗ ತಮ್ಮನಿಗೆ ನಾಲ್ಕು ವರ್ಷ. ಅಂದಿನಿಂದ ಅವಳೇ ತಾಯಿ. ಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಊರಿನಲ್ಲಿ ಅವಳ ಮನೆ, ಮನೆಯ ಹಿಂದೆಯೇ ಹೊಲ. ಅಕ್ಕನದು ಬಳ್ಳಿಯ ಕೈ. ಗೆಣಸು ಬೆಳೆಯುವವರು ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡು ನೆಡುತ್ತಾರೆ. ಅಲ್ಲಿನ ಮೂವತ್ತು ಮನೆಗೂ ಆ ತುಂಡು ಅಕ್ಕನ ಹೊಲದಿಂದಲೇ. ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಕೊಯ್ದು, ಐವತ್ತರ ಕಟ್ಟು ಮಾಡಿ, ಬಾಡದ ಹಾಗೆ ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದಳು. ನಾಟಿಯ ದಿನಗಳಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಅವಳ ಅಂಗಳದಲ್ಲಿ ಸೈಕಲ್ಲುಗಳ ಸಾಲು. “ಅಕ್ಕ, ನಂದು ಮೊದ್ಲು,” “ಅಕ್ಕ, ನಿನ್ನೆ ಹೇಳಿ ಹೋಗಿದ್ನಲ್ಲ.” ಒಬ್ಬ ತಮ್ಮನ ಅಕ್ಕ ಹೀಗೆ ಊರಿಗೆಲ್ಲ ಅಕ್ಕನಾಗಿದ್ದಳು. ಅದೇ ಅವಳ ಹೆಮ್ಮೆ, ಬೇರೆ ಆಸ್ತಿ ಅಷ್ಟಕ್ಕಷ್ಟೆ.

ಆದರೆ ಬಳ್ಳಿಗೆ ವಯಸ್ಸಾಗುತ್ತಿತ್ತು. ವರ್ಷ ವರ್ಷ ಅದೇ ಬಳ್ಳಿಯ ತುಂಡು ನೆಟ್ಟು ನೆಟ್ಟು ಗೆಣಸು ಸಣ್ಣದಾಗುತ್ತ ಬಂದಿತ್ತು. ಅಕ್ಕನಿಗೆ ಗೊತ್ತಿತ್ತು, ತಮ್ಮನ ಬಲೆಮನೆಯಲ್ಲಿ ಅದೇ ಮಾಮೂಲಿ ಕೆಂಪು ತಳಿಯ ರೋಗ ಕಳೆದ ಬಳ್ಳಿ ಇದೆ ಎಂದು. ಪ್ರಯೋಗಾಲಯದಲ್ಲಿ ಬಳ್ಳಿಯ ತುದಿಯ ಸೂಜಿಮೊನೆಯಷ್ಟು ಚೂರು ತೆಗೆದು, ಗಾಜಿನ ನಳಿಗೆಯಲ್ಲಿ ಬೆಳೆಸಿ, ನಂಜಿಲ್ಲ ಎಂದು ಮೂರು ಸಲ ಪರೀಕ್ಷೆ ಮಾಡಿದ ಬಳ್ಳಿ. ಅಕ್ಕ ಹದಿನೈದು ವರ್ಷ ಕೇಳಿದಳು.

“ಕೂಲಿಯೋರನ್ನ ಕೇಳಿದ್ರೂ ಇಷ್ಟೊತ್ತಿಗೆ ಒಂದು ಕುಡಿ ತಂದುಕೊಡ್ತಿದ್ರು. ನನ್ನ ತಮ್ಮ ದೊಡ್ಡ ಮನುಷ್ಯ, ಅವನ ಕೈಲಿ ಆಗಲ್ಲ,” ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

“ಅಕ್ಕ, ಕುಂಡಕುಂಡಕ್ಕೂ ನಂಬರಿದೆ. ಬಿಡುಗಡೆ ಆಗ್ಲಿ, ಎಲ್ಲರ ಜೊತೆ ನಿಂಗೂ ಸಿಗತ್ತೆ,” ಎನ್ನುತ್ತಿದ್ದರು ಮೇಷ್ಟ್ರು.

“ನಾನು ಗೋರಿ ಸೇರಿದ ಮೇಲೆ ತಂದು ನೆಡು.”

ಇದು ಒಡಹುಟ್ಟಿದವರ ನಡುವಿನ ಮಾಮೂಲಿ ಮಾತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೇಷ್ಟ್ರು ಹಚ್ಚಿಕೊಂಡರು. ನಿವೃತ್ತಿಗೆ ಎರಡು ವರ್ಷವಿತ್ತು. ಆಮೇಲೆ ಗೇಟಿನ ಒಳಗೆ ಕಾಲಿಡಲೂ ಚೀಟಿ ಬರೆಸಬೇಕು. ಇಷ್ಟು ವರ್ಷ ಇಲ್ಲಿದ್ದು, ಎತ್ತಿ ಆಡಿಸಿದವಳಿಗೆ ಒಂದು ಹಿಡಿ ಬಳ್ಳಿ ಕೊಡಲಾಗಲಿಲ್ಲವಲ್ಲ ಎನ್ನುವ ಹುಳು ತಲೆಯೊಳಗೆ ಹೊಕ್ಕಿತು.

ಬಲೆಮನೆಯ ಹಿಂದೆ ಇಪ್ಪತ್ತನಾಲ್ಕು ಮಡಿಗಳಿದ್ದವು, ಎಲ್ಲವೂ ಬೇಕೆಂದೇ ರೋಗ ಹಚ್ಚಿದ ಮಡಿಗಳು. ಯಾವ ರೋಗ ಎಷ್ಟು ನಷ್ಟ ಮಾಡುತ್ತದೆ, ಯಾವ ಉಪಾಯಕ್ಕೆ ಬಗ್ಗುತ್ತದೆ ಎಂದು ಅಳೆಯುವುದು ವಿಭಾಗದ ಮುಖ್ಯಸ್ಥೆಯ ಕೆಲಸ. ಅವರನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಗಿಡದ ಡಾಕ್ಟರು ಎಂದು ತಿಳಿಯದೆ ಮಂಡಿನೋವು ಹೇಳಿಕೊಂಡು ಬಂದವರೂ ಇದ್ದರು. ಹದಿನೆಂಟು ವರ್ಷದ ಹಿಂದೆ ಅವರೂ ಮೇಷ್ಟ್ರ ಮುಂದೆ ಕೂತು ಬೆರಳು ಕೊಯ್ದುಕೊಂಡು ಕಸಿ ಕಲಿತವರೇ. ಹನ್ನೊಂದನೇ ಮಡಿಯಲ್ಲಿ ಅದೇ ಕೆಂಪು ತಳಿ, ಅದರೊಳಗೆ ಒಂದೇ ಒಂದು ನಂಜು, ಅದೂ ಸಾಧು ನಂಜು. ಎಲೆಯ ಮೇಲೆ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ. ಗೆಣಸು ಕಿತ್ತು ತೂಗಿದಾಗ ನಷ್ಟ ಹತ್ತರಲ್ಲಿ ಒಂದು ಪಾಲು, ಅಷ್ಟೆ.

ತೂಕ ಮುಗಿದ ಮಧ್ಯಾಹ್ನ ಬಳ್ಳಿಯನ್ನೆಲ್ಲ ಸುಡುವ ಗುಂಡಿಯ ಪಕ್ಕ ರಾಶಿ ಹಾಕಿದ್ದರು. ಸುಡಿಸುವುದು ಮೇಷ್ಟ್ರ ಜವಾಬ್ದಾರಿ. ಕೂಲಿಯವರು ಊಟಕ್ಕೆ ಹೋದರು. ರಾಶಿಯ ಮೇಲೆ ಹನ್ನೊಂದನೆಯದರ ಬಳ್ಳಿ, ಎಂಥ ಎಲೆ ಅಂತೀರಿ! ಅಂಗೈ ಅಗಲ, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಎಲೆ ನೋಡಿ ಮರುಳಾಗಬೇಡಿ ಎಂದು ಮೂವತ್ತು ವರ್ಷ ರೈತರಿಗೆ ಹೇಳುತ್ತ ಬಂದ ಮನುಷ್ಯ ಎಲೆ ನೋಡಿ ಮರುಳಾದರು. ಮರುಳಾದದ್ದಷ್ಟೇ ಅಲ್ಲ, ಲೆಕ್ಕವನ್ನೂ ಹಾಕಿದರು. ಅಕ್ಕನ ಹಳೇ ಬಳ್ಳಿಯಲ್ಲಿ ಅರ್ಧಕ್ಕರ್ಧ ಬೆಳೆ ಹೋಗಿದೆ, ಇದರಲ್ಲಿ ಹೋಗುವುದು ಹತ್ತರಲ್ಲೊಂದು. ಹೇಗಿದ್ದರೂ ಬೂದಿಯಾಗುವ ಬಳ್ಳಿ, ಕದ್ದ ಹಾಗೂ ಆಗಲಿಲ್ಲ, ಅವಳಿಗೆ ಲಾಭವೂ ಆಯಿತು. ನಲವತ್ತು ತುಂಡು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಚೀಲಕ್ಕೆ ಹಾಕಿಕೊಂಡರು. ಗೇಟಿನಲ್ಲಿ ಕಾವಲುಗಾರ ಎದ್ದು ನಿಂತು ನಮಸ್ಕಾರ ಹೊಡೆದ.

ಬೇಲಿಯೇ ಎದ್ದು ಹೊಲ ಮೇಯ್ದಿತು.

ಲೆಕ್ಕ ತಪ್ಪಿರಲಿಲ್ಲ, ಅರ್ಧ ಲೆಕ್ಕವಾಗಿತ್ತು. ಇನ್ನರ್ಧ ವಿಭಾಗದ ಗೋಡೆಯ ಮೇಲಿತ್ತು, ಮೇಷ್ಟ್ರೇ ಅಂಟು ಹಚ್ಚಿ ಅಂಟಿಸಿದ ಭಿತ್ತಿಪತ್ರದಲ್ಲಿ. ಗೆಣಸಿನ ಎರಡು ನಂಜು ಒಂದೊಂದೇ ಬಂದರೆ ಬೆಳೆ ತಡೆದೀತು, ಎರಡೂ ಒಂದೇ ಬಳ್ಳಿಯಲ್ಲಿ ಸೇರಿದರೆ ಬೆಳೆ ಉಳಿಯದು. ಅಕ್ಕನ ಹಳೇ ಬಳ್ಳಿ ಕ್ಷೀಣಿಸಿದ್ದು ಆ ಎರಡನೇ ನಂಜಿನಿಂದ. ಒಂದು ಹೊಲದಲ್ಲಿ ಅದು, ಪಕ್ಕದಲ್ಲಿ ಇದು, ನಡುವೆ ಹಾರಾಡಲು ಬಿಳಿನೊಣ. ಇದನ್ನು ಯೋಚಿಸಲು ಡಾಕ್ಟರೇಟು ಬೇಕಾಗಿರಲಿಲ್ಲ, ನಲವತ್ತು ತುಂಡು ಕೊಯ್ಯುವ ಮೊದಲು ಗೋಡೆಯ ಕಡೆ ಒಮ್ಮೆ ತಿರುಗಿದ್ದರೆ ಸಾಕಿತ್ತು.

“ತಗೋ ಅಕ್ಕ. ಶುದ್ಧ ಬಳ್ಳಿ, ಬಲೆಮನೇದು. ಯಾರಿಗೂ ಹೇಳ್ಬೇಡ,” ಎಂದರು ಮೇಷ್ಟ್ರು ಮಾರನೆಯ ದಿನ.

ಇದೊಂದು ಸುಳ್ಳನ್ನು ಏಕೆ ಹೇಳಿದರೋ! ರೋಗದ ಮಡಿಯದು, ಬೇರೆ ಇಡು ಎಂದಿದ್ದರೂ ಅವಳು ಬೇರೆ ಇಡುತ್ತಿದ್ದಳು. ಆದರೆ ಹದಿನೈದು ವರ್ಷದ ಮೇಲೆ ಕೊಡುವಾಗ ಸುಡುವ ಗುಂಡಿಯಿಂದ ಎತ್ತಿ ತಂದೆ ಎನ್ನಲು ನಾಲಿಗೆ ಏಳಲಿಲ್ಲ. ಅಕ್ಕ ಬಳ್ಳಿಯನ್ನು ಎರಡು ಕೈಯಲ್ಲೂ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ, “ಇಷ್ಟು ದಿನ ಬಾಯಿಗೆ ಬಂದಂಗೆ ಆಡ್ಬಿಟ್ಟೆ ಕಣೋ ನಿನ್ನ,” ಎಂದಳು. ಮೇಷ್ಟ್ರಿಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ.

ಮೊದಲ ವರ್ಷ ಬಳ್ಳಿ ಹಬ್ಬಿತು, ಗೆಣಸೂ ದಪ್ಪವಾಯಿತು. ಅಕ್ಕ ಅದನ್ನೇ ಹೆಚ್ಚಿಸಿ, ಮುಂದಿನ ನಾಟಿಗೆ ಮೂವತ್ತು ಮನೆಗೂ ಹಂಚಿದಳು. ಎರಡನೇ ವರ್ಷ ನಾಟಿಯಾಗಿ ಎರಡು ತಿಂಗಳಿಗೆ ಹೊಲದ ಮೇಲೆ ಹೊಲ ಮುರುಟಿಕೊಂಡಿತು. ಎಲೆ ಉಗುರಿನಷ್ಟಾಗಿ, ಬಣ್ಣಗೆಟ್ಟು, ಬಳ್ಳಿ ಗೇಣುದ್ದಕ್ಕೆ ನಿಂತುಹೋಯಿತು. ಅಗೆದರೆ ಗೆಣಸಿಲ್ಲ, ಪೆನ್ಸಿಲಿನಷ್ಟು ದಪ್ಪದ ಬೇರು.

ಬೆಳೆಗಾರರ ಸಂಘದ ಅಧ್ಯಕ್ಷರು, ದಪ್ಪ ಮೀಸೆಯವರು, ಎಲ್ಲರಿಗೂ ಮೀಸೆ ಯಜಮಾನರು, ಒಂದು ಚೀಲ ತುಂಬ ಮುರುಟಿದ ಬಳ್ಳಿ ಹಿಡಿದು ವಿಶ್ವವಿದ್ಯಾಲಯಕ್ಕೆ ಬಂದರು. ಡಾಕ್ಟ್ರಮ್ಮ ಚೀಲದ ಬಾಯಿ ಬಿಚ್ಚಿ ನೋಡಿ, “ಎರಡೂ ಸೇರಿವೆ,” ಎಂದರು. “ಈ ಕಡೆ ಆ ಸಾಧು ನಂಜು ಇರ್ಲೇ ಇಲ್ಲ. ಯಾರೋ ಹೊರಗಿಂದ ಬಳ್ಳಿ ತಂದಿದ್ದಾರೆ ಮೇಷ್ಟ್ರೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರ ಕೈ ತಾನಾಗಿ ಊಟದ ಚೀಲದ ಮೇಲೆ ಹೋಯಿತು. ಅದರಲ್ಲಿ ಆ ದಿನ ಊಟ ಬಿಟ್ಟು ಬೇರೇನೂ ಇರಲಿಲ್ಲ.

ಸಮೀಕ್ಷೆಗೆ ಡಾಕ್ಟ್ರಮ್ಮನ ಜೊತೆ ಹೋದವರು ಮೇಷ್ಟ್ರೇ. ಹೊಲದಿಂದ ಹೊಲಕ್ಕೆ ನಡೆದು, ಬಳ್ಳಿಯ ಮಾದರಿ ಕೊಯ್ದು, ಚೀಟಿ ಕಟ್ಟಿ, ನಮೂನೆಯಲ್ಲಿ ಬರೆಯುವುದು. ಮೂವತ್ತು ಮನೆಯವರೂ ಒಂದೇ ಉತ್ತರ ಕೊಟ್ಟರು: “ಅಕ್ಕನ ಹತ್ರ ತಂದಿದ್ದು.” ಕೊನೆಗೆ ಅಕ್ಕನ ಹೊಲ. ಅವಳು ಬದುವಿನ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಅಮ್ಮ, ಈ ಬಳ್ಳಿ ನಿಮಗೆಲ್ಲಿ ಸಿಕ್ತು?” ಎಂದು ಡಾಕ್ಟ್ರಮ್ಮ ಕೇಳಿದರು.

ಅಕ್ಕ ತಮ್ಮನ ಕಡೆ ನೋಡಲಿಲ್ಲ. “ಯಾರೋ ದಾರೀಲಿ ಹೋಗೋರು ಕೊಟ್ರು. ಚೆನ್ನಾಗಿತ್ತು, ಇಸ್ಕೊಂಡೆ.”

“ಯಾವೂರೋರು?”

“ಕೇಳ್ಲಿಲ್ಲ.”

ಜೊತೆಯಲ್ಲಿ ಬಂದಿದ್ದ ಮೀಸೆ ಯಜಮಾನರು ನಾಲಿಗೆ ಲೊಚಗುಟ್ಟಿದರು. “ಕೇಳ್ದೆ ಮಾಡ್ದೆ ಇಸ್ಕೊಂಡು ನಮಗೆಲ್ಲ ಹಂಚ್ಬಿಟ್ಯಾ ಅಕ್ಕ?”

ನಮೂನೆಯ ಏಳನೇ ಸಾಲಿನಲ್ಲಿ ‘ಬಳ್ಳಿಯ ಮೂಲ’ ಎಂದಿತ್ತು. ಅದರ ಮುಂದೆ ಮೇಷ್ಟ್ರು ತಮ್ಮ ದುಂಡು ಅಕ್ಷರದಲ್ಲಿ ‘ಅಪರಿಚಿತ ದಾರಿಹೋಕರು’ ಎಂದು ಬರೆದರು. ಕೈ ನಡುಗಲಿಲ್ಲ, ಅದೇ ಅವರಿಗೆ ಹೇಸಿಗೆಯಾಯಿತು.

ಡಾಕ್ಟ್ರಮ್ಮ, ಯಜಮಾನರು ಜೀಪಿನ ಕಡೆ ಹೋದಾಗ ಅಕ್ಕ ಒಂದೇ ಒಂದು ಸಲ ಕೇಳಿದಳು. “ನಿನ್ನ ಕೆಲಸಕ್ಕೆ ಕುತ್ತು ಬರಬಾರ್ದು ಅಂತ ಹಂಗಂದೆ. ನಂಗೆ ನಿಜ ಹೇಳು. ಆ ಬಳ್ಳಿ ಬಲೆಮನೇದೇ ತಾನೆ?”

“ಬಲೆಮನೇದೇ ಅಕ್ಕ. ಆಣೆಗೂ.”

“ಹಂಗಾದ್ರೆ ನನ್ನ ಹಳೇ ಬಳ್ಳೀದೇ ಏನೋ ದೋಷ,” ಎಂದಳು ಅಕ್ಕ.

ಬರುವಾಗ ಮೇಷ್ಟ್ರು ಒಂದು ಮಾದರಿಯನ್ನು ಹೆಚ್ಚಿಗೆ ತಂದರು, ಚೀಟಿ ಕಟ್ಟದೆ. ಚೀಟಿ ಕಟ್ಟಿದವು ಪ್ರಯೋಗಾಲಯಕ್ಕೆ ಹೋದವು, ಅಲ್ಲಿ ಯಾವ ನಂಜು ಎಂದು ತಿಳಿಯುತ್ತದೆಯೇ ಹೊರತು ಎಲ್ಲಿಯದು ಎಂದಲ್ಲ. ವಿಭಾಗದ ಗಾಜಿನ ಮನೆಯಲ್ಲಿ ಅವರು ಚಾಡಿಬಳ್ಳಿ ಎಂದು ಕರೆಯುತ್ತಿದ್ದ ಒಂದು ಕಾಡು ಬಳ್ಳಿ ಇರುತ್ತಿತ್ತು. ಸಂಶಯದ ಬಳ್ಳಿಯನ್ನು ಅದಕ್ಕೆ ಕಸಿ ಕಟ್ಟಿದರೆ, ಒಳಗೆ ಅಡಗಿದ ನಂಜನ್ನೆಲ್ಲ ಅದು ಮೂರು ವಾರದಲ್ಲಿ ತನ್ನ ಎಲೆಯ ಮೇಲೆ ಬರೆದು ತೋರಿಸುತ್ತಿತ್ತು. ಹನ್ನೊಂದನೇ ಮಡಿಯ ನಂಜಿಗೆ ಒಂದು ಗುರುತಿತ್ತು, ಎಲೆನರದ ಎರಡೂ ಬದಿಗೆ ತೆಳು ಬಿಳಿ ಪಟ್ಟೆ, ಬೇರೆ ಯಾವುದರಲ್ಲೂ ಹಾಗೆ ಬರುತ್ತಿರಲಿಲ್ಲ. ಮೇಷ್ಟ್ರು ಕಸಿ ಕಟ್ಟಿ, ಕುಂಡವನ್ನು ಮೂರನೇ ಬೆಂಚಿನ ಹಿಂದೆ ಇಟ್ಟರು. ಹದಿನೇಳನೇ ದಿನ ಪಟ್ಟೆ ಬಂತು. ಗೊತ್ತಿದ್ದದ್ದನ್ನೇ ನೋಡಲು ಅಷ್ಟೂ ದಿನ ಕಾದಿದ್ದರು ಪುಣ್ಯಾತ್ಮ, ಬರದಿರಲಿ ಎಂದು ದಿನಾ ಬೇಡಿಕೊಳ್ಳುತ್ತ. ಆ ದಿನ ಊಟ ಸೇರಲಿಲ್ಲ. ಹೆಂಡತಿ ಹೊಟ್ಟೆನೋವೇ ಎಂದು ಕೇಳಿದರೆ ಹೂಂ ಎಂದರು.

ಅತ್ತ ಅಕ್ಕನ ಅಂಗಳ ಬಿಕೋ ಎನ್ನುತ್ತಿತ್ತು. ಯಾರೂ ಜಗಳಕ್ಕೆ ಬರಲಿಲ್ಲ, ಬಂದಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳೇನೋ. ನಲ್ಲಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅಕ್ಕನ ಕೈ ಸರಿಯಿಲ್ಲ ಎನ್ನುವ ಮಾತೊಂದು ಹುಟ್ಟಿ ಮನೆ ಮನೆ ತಿರುಗುತ್ತಿತ್ತು. ಇದರ ಮೇಲೆ ಇನ್ನೊಂದು. ವಿಶ್ವವಿದ್ಯಾಲಯ ಕೊನೆಗೂ ಶುದ್ಧ ಬಳ್ಳಿಯನ್ನು ಬಿಡುಗಡೆ ಮಾಡುವುದೆಂದಾಯಿತು. ಆ ಊರಿನಲ್ಲೇ ಒಂದು ಬಲೆಮನೆ ಕಟ್ಟಿ, ತಾಯಿಬಳ್ಳಿಗಳನ್ನು ಒಬ್ಬರ ಕೈಗೆ ಒಪ್ಪಿಸುವುದು. ಅವರು ಬೆಳೆಸಿ ಎಲ್ಲರಿಗೂ ಕೊಡುವುದು. ಒಂದು ವರ್ಷದ ಹಿಂದಾಗಿದ್ದರೆ ಆ ಒಬ್ಬರು ಯಾರು ಎಂದು ಯಾರೂ ಕೇಳುತ್ತಲೇ ಇರಲಿಲ್ಲ. ಅಕ್ಕ ಹದಿನೈದು ವರ್ಷ ಕಾದದ್ದು ಇದಕ್ಕೇ. ಈಗ ಅವಳ ಹೆಸರೆತ್ತಿದರೆ ಜನ ಮುಖ ತಿರುಗಿಸುತ್ತಿದ್ದರು. ಯಾರಿಗೆ ಎಂದು ತೀರ್ಮಾನ ಮಾಡಲು ಸಂಘದ ಉಗ್ರಾಣದಲ್ಲಿ ಸಭೆ ಕರೆದರು.

ಮೇಷ್ಟ್ರು ಬಾಯಿ ಬಿಟ್ಟರೆ ಅಕ್ಕನ ಹೆಸರು ಉಳಿಯುತ್ತದೆ, ಬಲೆಮನೆ ಅವಳದಾಗುತ್ತದೆ. ತಮ್ಮ ಮೂವತ್ತೊಂಬತ್ತು ವರ್ಷ ಮಣ್ಣುಪಾಲಾಗುತ್ತದೆ. ಬಾಯಿ ಮುಚ್ಚಿದರೆ ಏಳು ತಿಂಗಳಲ್ಲಿ ಹಾರ ಹಾಕಿಸಿಕೊಂಡು ನಿವೃತ್ತಿ. ಸಭೆಯ ಹಿಂದಿನ ವಾರವೆಲ್ಲ ಮೇಷ್ಟ್ರಿಗೆ ಕನ್ನಡಿಯಲ್ಲಿ ಮುಖ ನೋಡಿ ಗಡ್ಡ ಹೆರೆಯಲಾಗಲಿಲ್ಲ, ತಡಕಿ ತಡಕಿ ಹೆರೆದು ಎರಡು ಕಡೆ ಗಾಯ ಮಾಡಿಕೊಂಡರು. ಕೊನೆಗೆ ಜೀಪಿನಲ್ಲಿ ಕೂತಾಗ, ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿದರು.

ಉಗ್ರಾಣದಲ್ಲಿ ಖಾಲಿ ಗೋಣಿಗಳ ಮೇಲೆ, ತಕ್ಕಡಿಯ ಕಟ್ಟೆಯ ಮೇಲೆ ಮೂವತ್ತು ಜನ ಕೂತಿದ್ದರು. ಅಕ್ಕ ಹಿಂದಿನ ಬೆಂಚಿನಲ್ಲಿ. ಅವಳ ಎರಡೂ ಪಕ್ಕ ಖಾಲಿ ಜಾಗ. ಡಾಕ್ಟ್ರಮ್ಮ ಎರಡು ನಂಜು ಹೇಗೆ ಸೇರುತ್ತವೆ ಎನ್ನುವುದನ್ನು ಬಿಡಿಸಿ ಹೇಳಿದರು. ಮೀಸೆ ಯಜಮಾನರು ಗಂಟಲು ಸರಿಮಾಡಿಕೊಂಡು, “ಬಲೆಮನೆ ಯಾರಿಗೆ ಅಂತ ಹೇಳ್ಬಿಡಿ. ಒಂದು ಮಾತ್ರ, ಎಲ್ಲಿಂದ ಬಂತು ಅಂತ ಕೇಳ್ದೆ ಬಳ್ಳಿ ಇಸ್ಕೊಳ್ಳೋರ ಕೈಗೆ ಮತ್ತೆ ಬೇಡ,” ಎಂದರು. ಯಾರೂ ಹಿಂದಿರುಗಿ ನೋಡಲಿಲ್ಲ. ಅಕ್ಕ ಮಡಿಲಲ್ಲಿ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದಳು.

ಮೇಷ್ಟ್ರು ಎದ್ದು ನಿಂತರು.

“ಆ ಬಳ್ಳಿ ಅಕ್ಕಂಗೆ ಕೊಟ್ಟಿದ್ದು ನಾನು,” ಎಂದರು. “ದಾರಿಹೋಕರೂ ಇಲ್ಲ, ಯಾರೂ ಇಲ್ಲ. ನಮ್ಮ ಹನ್ನೊಂದನೇ ಮಡೀದು. ನಂಜಿರೋ ಮಡಿ, ಗೊತ್ತಿದ್ದೇ ತಂದೆ. ಅಕ್ಕಂಗೆ ಬಲೆಮನೇದು, ಶುದ್ಧವಾದ್ದು ಅಂತ ಸುಳ್ಳು ಹೇಳ್ದೆ.”

ಅಕ್ಕ ತಲೆಯೆತ್ತಿದಳು. ನಂಜಿನ ಮಡಿ ಎನ್ನುವುದು ಅವಳಿಗೂ ಆಗಲೇ ತಿಳಿದದ್ದು, ಮೂವತ್ತು ಜನರ ಜೊತೆ. ಅವಳು ತಮ್ಮನ ಮುಖವನ್ನು ನೋಡಿದಳು, ಹೊಸಬರನ್ನು ನೋಡುವ ಹಾಗೆ. ಆಮೇಲೆ ಎದ್ದು ನಿಂತಳು.

“ಅವನ ಮಾತು ಕಟ್ಕೋಬೇಡಿ,” ಎಂದಳು. “ನನ್ನ ಮರ್ಯಾದೆ ಉಳಿಸ್ಬೇಕು ಅಂತ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ. ಒಂದು ಕುಡಿ ತಂದುಕೊಡು ಅಂತ ಹದಿನೈದು ವರ್ಷ ಗೋಗರೆದೆ, ಕೊಟ್ನಾ? ನಿಮಗ್ಯಾರಿಗೂ ಗೊತ್ತಿಲ್ವಾ?”

ಗೊತ್ತಿಲ್ಲದೆ ಏನು! ಅಂಗಳದಲ್ಲಿ ನಿಂತು ಅದನ್ನು ಕೇಳಿ ನಗದವರು ಅಲ್ಲಿ ಒಬ್ಬರೂ ಇರಲಿಲ್ಲ.

“ಕುಲಪತಿ ಅಂಗಿ ಬಿಚ್ಚಿಸಿದ ಮನುಷ್ಯ!” ಎಂದರು ಮೀಸೆ ಯಜಮಾನರು. “ಇವರು ಕದ್ದು ಬಳ್ಳಿ ತರ್ತಾರಂತೆ. ನಂಬೋ ಹಂಗಾದ್ರೂ ಹೇಳ್ಬೇಕಲ್ಲ ಮೇಷ್ಟ್ರೇ!” ಎಲ್ಲರೂ ನಕ್ಕರು. ಬಹಳ ದಿನದಿಂದ ಬಿಗಿದುಕೊಂಡಿದ್ದ ಉಗ್ರಾಣ ಸಡಿಲವಾಯಿತು. “ತಮ್ಮ ಅಂದ್ರೆ ಹಿಂಗಿರ್ಬೇಕು ಕಣ್ರಪ್ಪ,” ಎಂದು ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಡಾಕ್ಟ್ರಮ್ಮನ ಕಣ್ಣು ಒದ್ದೆಯಾಗಿತ್ತು. “ಮೇಷ್ಟ್ರೇ, ನೀವು ಎಂಥೋರು ಅಂತ ನಮಗೆ ಗೊತ್ತು,” ಎಂದರು. “ಕೂತ್ಕೊಳ್ಳಿ.”

ಮೇಷ್ಟ್ರ ಬಾಯಿ ತೆರೆದೇ ಇತ್ತು. ಗಾಜಿನ ಮನೆಯ ಮೂರನೇ ಬೆಂಚಿನ ಹಿಂದೆ ಒಂದು ಕುಂಡ ಇದೆ, ಹೋಗಿ ನೋಡಿ, ಎಲೆನರದ ಪಕ್ಕ ಬಿಳಿ ಪಟ್ಟೆ ಇದೆ, ಇಷ್ಟೇ ಮಾತು. ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದ್ದರೆ ಡಾಕ್ಟ್ರಮ್ಮನ ಕಣ್ಣು ಅಲ್ಲೇ ಒಣಗುತ್ತಿತ್ತು, ನಗುವುದು ನಿಲ್ಲುತ್ತಿತ್ತು. ಆದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಹೇಳುವುದನ್ನು ಹೇಳಿದ್ದಾಯಿತಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗಿನಿಂದ ಒಂದು ಸಣ್ಣ, ಜಾಣ ದನಿ ಹೇಳಿತು. ಮೇಷ್ಟ್ರು ಕೂತರು.

ಕೂತದ್ದಷ್ಟೇ ಅಲ್ಲ, ನಾನು ಮುಚ್ಚಿಡುವುದೇಕೆ, ಕೂತ ಆ ಗಳಿಗೆಯಲ್ಲಿ ಅವರಿಗೆ ಹಾಯೆನಿಸಿತು. ನಾಚಿಕೆ ಬಂದದ್ದು ಅದರ ಹಿಂದೆ. ಬಂದದ್ದು ಮತ್ತೆ ಹೋಗಲಿಲ್ಲ.

ಬಲೆಮನೆ ಮೀಸೆ ಯಜಮಾನರಿಗೆ ಎಂದು ಕೈ ಎತ್ತಿ ಒಪ್ಪಿದರು. ಅಕ್ಕನೂ ಕೈ ಎತ್ತಿದಳು. ಡಾಕ್ಟ್ರಮ್ಮ, “ಅಕ್ಕನ ಮನೇಲಿ ಸ್ವಲ್ಪ ಹೊತ್ತು ಇದ್ದು ಬನ್ನಿ, ನಾಳೆ ರಜೆ ಹಾಕ್ಕೊಳ್ಳಿ,” ಎಂದು ಜೀಪಿನಲ್ಲಿ ಹೊರಟರು.

ಅಕ್ಕ ಮನೆಗೆ ಬಂದವಳೇ ಕಾಲು ತೊಳೆದು ಒಲೆ ಹಚ್ಚಿದಳು. ಮೇಷ್ಟ್ರು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಚಹಾ ಕುದಿಯಿತು, ಸೋಸಿದಳು, ಲೋಟವನ್ನು ಅವರ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಅಕ್ಕ, ನೀನ್ಯಾಕೆ ಹಂಗಂದೆ?” ಎಂದರು ಮೇಷ್ಟ್ರು. “ನಾನು ಹೇಳಿದ್ದೆ ತಾನೆ. ನೀನೇ ಸುಳ್ಳು ಮಾಡ್ದೆ.”

ಅಕ್ಕ ಸೋಸುವ ಬಟ್ಟೆಯನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದಳು.

“ನೀನು ಎದ್ದು ನಿಂತು ಹೇಳ್ದಾಗ ಅಲ್ಲ ಅಂದೆ. ಅಕ್ಕ ಆದೋಳು ಅನ್ಬೇಕಾಗಿತ್ತು, ಅಂದೆ. ನಿನ್ನ ಉಳಿಸಿದೆ ಅಂತ ತಿಳ್ಕೋಬೇಡ. ನೀನು ಎರಡನೇ ಸಲ ಹೇಳ್ತೀಯ ಅಂತ ಕಾಯ್ತಾ ನಿಂತಿದ್ದೆ ಕಣೋ ಅಲ್ಲಿ. ನೀನು ಕೂತೆ, ನಾನು ನಿಂತೇ ಇದ್ದೆ. ನೋಡ್ಲಿಲ್ವಾ?”

ಮೇಷ್ಟ್ರು ನೋಡಿದ್ದರು. “ನಾಳೆ ಬೆಳಿಗ್ಗೇನೇ ಹೋಗಿ ಡಾಕ್ಟ್ರಮ್ಮಂಗೆ ಎಲ್ಲಾ ಹೇಳ್ತೀನಿ ಅಕ್ಕ. ಪರೀಕ್ಷೆ ಮಾಡಿದ ಕುಂಡಾನೂ ತೋರಿಸ್ತೀನಿ.”

“ಹೇಳು. ಬಾಗಿಲು ಹಾಕ್ಕೊಂಡು ಅವರೊಬ್ರಿಗೆ ಹೇಳು,” ಎಂದಳು ಅಕ್ಕ. “ಆ ಮೂವತ್ತು ಜನ ಒಟ್ಟಿಗೆ ಕೂತಿದ್ದು ಇವತ್ತು.”